ಒದ್ದೆಯಾದರೂ ಹಿಡಿಯುವ ಬ್ರೇಕು

ಬೈಂದೂರು
18-5-1969

ಸೀತುವಿನ ಅಪ್ಪನಿಗೆ,

ನಾನು, ಸೀತು, ನನ್ನ ಅಪ್ಪ ಮೂವರೂ ಚೆನ್ನಾಗಿದ್ದೇವೆ. ಮುಂದಿನದನ್ನು ಓದುವಾಗ ನೀವು ಗಾಬರಿಯಾಗಬಾರದು ಎಂದು ಇದನ್ನು ಮೊದಲೇ ಬರೆದೆ.

ಶುಕ್ರವಾರ ಹೊಳೆ ದಾಟುವ ಕಡವಿನಲ್ಲಿ ನಮ್ಮ ಮೀನಿನ ಪಿಕಪ್ ಹೊಳೆಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಕಡಲಿನ ಇಳಿತದ ಹೊತ್ತು. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಆ ಜಂಗಲ್ ಇಳಿತದಲ್ಲಿ ದಡದ ತನಕ ಬರುವುದಿಲ್ಲ, ಗಾಡಿಯೇ ಅರ್ಧ ಚಕ್ರ ಮುಳುಗುವಷ್ಟು ನೀರಿಗಿಳಿದು ಹತ್ತಬೇಕು ಎನ್ನುವುದು ನಿಮಗೆ ಗೊತ್ತೇ ಇದೆ. ಅಪ್ಪ ಯಾವಾಗಿನಂತೆ ನೀರಿನಲ್ಲಿ ಹೋಗಿ ಹಲಗೆ ಹತ್ತಿಸಿ ಬ್ರೇಕ್ ತುಳಿದರು. ಹಿಡಿಯಲಿಲ್ಲ. ಗಾಡಿ ಜಂಗಲಿನ ಆಚೆ ತುದಿಯ ಅಡ್ಡಮರ ಮುರಿದು, ಮುಂದಿನ ಒಂದು ಚಕ್ರ ನೀರಿನ ಮೇಲೆ ನೇತಾಡುತ್ತಾ ನಿಂತಿತು. ಬಂಗುಡೆಯ ಬುಟ್ಟಿಗಳು ಕೆಲವು ಹೊಳೆಗೆ ಹೋದವು.

ಕಡವಿನ ಗುತ್ತಿಗೆದಾರ ಮಂಜಯ್ಯ ಶೆಟ್ಟರು ದಡದಿಂದಲೇ ಅಪ್ಪನ ಹೆಸರು ಹಿಡಿದು ಕೂಗಿದರು, "ಹ್ವಾಯ್ ಗುಡ್ಡ, ನಿನ್ ಗಾಡಿಗ್ ಈಜುಕ್ ಬತ್ತಾ?"

"ನಿಮ್ ಜಂಗಲಿಗ್ ಬತ್ತಲ್ದಾ, ಸಾಕ್" ಎಂದರು ಅಪ್ಪ. ಆದರೆ ಅವರ ಕೈ ಸ್ಟೇರಿಂಗ್ ಬಿಟ್ಟಿರಲಿಲ್ಲ. ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು.

ಆಮೇಲೆ ಶೆಟ್ಟರು ತಮಾಷೆ ಬಿಟ್ಟು ಹೇಳಿದರು. ಮಳೆಗಾಲ ಮೀನಿಲ್ಲ, ಹೇಗೂ ಗಾಡಿ ಓಡುವುದಿಲ್ಲ. ಮಳೆ ಕಳೆದ ಮೇಲೆ ಬ್ರೇಕ್ ಹಿಡಿಯುವ ಗಾಡಿ ತಂದರೆ ಹತ್ತಿಸುತ್ತಾರೆ, ಇಲ್ಲದಿದ್ದರೆ ಇಲ್ಲ. ಅವರ ಮಾತು ತಪ್ಪಲ್ಲ, ಜಂಗಲಿನಲ್ಲಿ ಶಾಲೆಯ ಮಕ್ಕಳೂ ದಾಟುತ್ತಾರೆ.

ಗಾಡಿ ಮಾರಿ ಎಲ್ಲರೂ ಬೊಂಬಾಯಿಗೆ ಬನ್ನಿ ಎಂದು ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದ್ದೆ. "ಗಾಡಿ ಮಾರುದಾರೆ ನನ್ನನ್ನೂ ಅದ್ರೊಟ್ಟಿಗೇ ತೂಗಿ ಕೊಡಿ" ಎಂದರು. ನನಗೂ ಇಲ್ಲಿಂದ ಏಳಲು ಮನಸ್ಸಿಲ್ಲ. ನಿಮ್ಮ ಗ್ಯಾರೇಜಿಗೆ ದೊಡ್ಡ ದೊಡ್ಡ ಕಾರು ಬರುತ್ತವಂತಲ್ಲ, ನೀರಿನಲ್ಲಿ ಒದ್ದೆಯಾದರೂ ಹಿಡಿಯುವ ಬ್ರೇಕು ಎಂಬುದು ಲೋಕದಲ್ಲಿ ಉಂಟೋ?

ಪದ್ದು

*

ಬೊಂಬಾಯಿ
29-5-1969

ಪದ್ದುವಿಗೆ,

ಉಂಟು.

ನಮ್ಮ ಗಾಡಿಯ ಬ್ರೇಕು ಡ್ರಮ್ ಎಂಬ ಮುಚ್ಚಿದ ಡಬ್ಬ. ಒಳಗೆ ಶೂ ಎನ್ನುವ ಎರಡು ಬಾಗಿದ ಪಟ್ಟಿಗಳಿವೆ, ಪೆಡಲ್ ತುಳಿದಾಗ ಅವು ಅಗಲವಾಗಿ ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ನೀರು ಒಳಗೆ ಹೋದರೆ ಹೊರಗೆ ಬರಲು ದಾರಿಯಿಲ್ಲ. ಒಣಗುವ ತನಕ ಜಾರುತ್ತದೆ. ಈಗ ವಿಲಾಯತಿಯ ಕೆಲವು ಕಾರುಗಳ ಮುಂದಿನ ಚಕ್ರಕ್ಕೆ ಡಬ್ಬವೇ ಇಲ್ಲ. ಒಂದು ಕಬ್ಬಿಣದ ತಟ್ಟೆ ಚಕ್ರದೊಂದಿಗೆ ತಿರುಗುತ್ತದೆ, ಅದನ್ನು ಎರಡೂ ಕಡೆಯಿಂದ ಎರಡು ಪ್ಯಾಡ್ ಹಿಡಿಯುತ್ತವೆ. ನೀನು ದೋಸೆ ಹಂಚನ್ನು ಬಟ್ಟೆಯಿಂದ ಹಿಡಿದೆತ್ತುವ ಹಾಗೆ. ಇದಕ್ಕೆ ಡಿಸ್ಕ್ ಎನ್ನುತ್ತಾರೆ. ತಟ್ಟೆ ತೆರೆದೇ ಇರುವುದರಿಂದ ನೀರು ನಿಲ್ಲುವುದಿಲ್ಲ, ತಿರುಗುವಾಗಲೇ ಹಾರಿಹೋಗುತ್ತದೆ.

ಹಿಂದಿನಿಂದ ಲಾರಿ ಗುದ್ದಿ ಕೆಟ್ಟುಹೋದ ಅಂಥ ಒಂದು ಕಾರು ನಮ್ಮ ಗ್ಯಾರೇಜಿನ ಹಿಂದೆ ಬಿದ್ದಿದೆ. ಮುಂದಿನ ಸಾಮಾನು ಚೆನ್ನಾಗಿದೆ. ಯಜಮಾನ ಸೇಠರನ್ನು ಕೇಳಿದೆ, ತೆಗೆದುಕೋ ಎಂದರು.

ಆದರೆ ಅದು ಕಾರಿನದು, ನಮ್ಮದು ಯುದ್ಧಕ್ಕೂ ಹಿಂದಿನ ಪಿಕಪ್. ನಡುವೆ ಒಂದು ದಪ್ಪ ತಗಡು ಕೊರೆದು ಕೂರಿಸಬೇಕು. ಅದಕ್ಕೆ ಚಕ್ರದ ಹಿಂದಿನ ಬೋಲ್ಟುಗಳ ಸರಿಯಾದ ಅಳತೆ ಬೇಕು. ಕುಂದಾಪುರದಿಂದ ಮೆಕ್ಯಾನಿಕ್ ಮುತ್ತನನ್ನು ಕರೆಸಿ ಡ್ರಮ್ ಬಿಚ್ಚಿಸು. ಅಳತೆಯನ್ನು ಕಾಗದದಲ್ಲಿ ತೆಗೆಯಬೇಡ, ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ.

ನಾನೇ ಬಂದು ಮಾಡಬಹುದಿತ್ತು. ಆದರೆ ಕೇಳಿದವಳು ನೀನು, ಮಾವ ಕೇಳಲಿಲ್ಲ. "ಈ ಗಾಡಿಗ್ ಸ್ಟೇರಿಂಗ್ ಒಂದೇ" ಎಂದು, ನಾನೂ ಓಡಿಸುತ್ತೇನೆ ಎಂದಾಗ ಅವರು ಆವತ್ತು ಹೇಳಿದ್ದು ನನಗೆ ನೆನಪಿದೆ. ಸಿಟ್ಟಿಲ್ಲ. ಒಂದೇ ಇದ್ದದ್ದು ನಿಜವಲ್ಲವೇ.

ಸೀತುವಿಗೆ ಹಲ್ಲು ಬಂತೇ?

ಚಂದ್ರ

*

ಬೈಂದೂರು
24-6-1969

ಸೀತುವಿನ ಅಪ್ಪನಿಗೆ,

ಹಲ್ಲು ಬಂದು ಅಜ್ಜನ ಬೆರಳು ಕಚ್ಚಿಯೂ ಆಯಿತು.

ಮಳೆ ಶುರುವಾಗಿದೆ. ದೋಣಿಗಳನ್ನು ಮೇಲೆಳೆದು ತೆಂಗಿನ ಮಡಲು ಹೊದಿಸಿದ್ದಾರೆ. ಗಾಡಿಗೂ ಹಾಗೇ ಒಂದು ಚಪ್ಪರ ಹಾಕಿದ್ದೇವೆ. ಮುತ್ತ ಮೊನ್ನೆ ಬಂದು ಡ್ರಮ್ ಬಿಚ್ಚಿದ. ಒಳಗಿಂದ ತುಕ್ಕಿನ ಜೊತೆ ಒಂದು ಹಿಡಿ ಕಡಲ ಮರಳು ಬಿತ್ತು.

"ಇದ್ ಬ್ರೇಕಲ್ಲ ಗುಡ್ಡಣ್ಣ, ಇದ್ ಕಡ್ಲ್" ಎಂದ.

ಅಪ್ಪನಿಗೆ ಅದು ಹಿಡಿಸಲಿಲ್ಲ. "ಆ ಕಡ್ಲ್ ಹಿಡ್ಕಂಡೇ ನಾ ಇಷ್ಟ್ ವರ್ಷ ಬ್ರಮ್ಮಾವರಕ್ಕ್ ಹೋಯ್ ಬಂದದ್ದ್. ಒದ್ದೆಯಾರೆ ಒಣಗ್ಸುಕ್ ನಂಗೆ ಗೊತ್ತಿತ್ತ್" ಎಂದು ಒಳಗೆ ಹೋದರು. ಆದರೆ ಕಿಟಕಿಯಿಂದ ನೋಡುತ್ತಲೇ ಇದ್ದರು.

ಅಳತೆಗೆ ನಾನು ಚಿಮಣಿ ಎಣ್ಣೆಯ ಡಬ್ಬ ಬಿಡಿಸಿ ತಗಡು ಚಪ್ಪಟೆ ಮಾಡಿದೆ. ಅದನ್ನು ಬೋಲ್ಟಿನ ತೂತುಗಳ ಮೇಲೆ ಒತ್ತಿಹಿಡಿದು ಮುತ್ತ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದ. ತೂತಿನ ಅಂಚುಗಳು ತಗಡಿನಲ್ಲಿ ಹಾಗೇ ಮೂಡಿದವು. ಅವನ್ನು ಕೊರೆದು, ಬೋಲ್ಟು ಹಾಕಿ ನೋಡಿ, ಎಡಕ್ಕೊಂದು ಬಲಕ್ಕೊಂದು ಗುರುತು ಮಾಡಿ ಕಳಿಸಿದ್ದೇನೆ. ತಗಡು ಹಿಗ್ಗುವುದಿಲ್ಲ ಎಂದು ನಂಬಿದ್ದೇನೆ.

ಬೊಂಬಾಯಿಯಲ್ಲೂ ಮಳೆ ಎಂದು ಪೇಪರಿನಲ್ಲಿತ್ತು. ನಿಮ್ಮ ಬಾಡಿಗೆ ಖೋಲಿ ಸೋರುತ್ತದೆಯೇ? ಸೋರುವುದಿಲ್ಲ ಎಂದು ಬರೆಯುತ್ತೀರಿ, ಗೊತ್ತು.

ಪದ್ದು

*

ಬೊಂಬಾಯಿ
2-8-1969

ಪದ್ದುವಿಗೆ,

ಖೋಲಿ ಸೋರುವುದಿಲ್ಲ.

ನಿನ್ನ ತಗಡನ್ನು ಇಲ್ಲಿಯ ಫಿಟ್ಟರ್ ನೋಡಿ, ಯಾರು ಮಾಡಿದ್ದು ಎಂದು ಕೇಳಿದ. ಹೆಂಡತಿ ಎಂದೆ. ಅವಳನ್ನೇ ಕೆಲಸಕ್ಕೆ ಕರೆಸು, ನೀನು ಊರಿಗೆ ಹೋಗಿ ಮೀನು ಮಾರು ಎಂದ. ದಿನಕ್ಕೊಮ್ಮೆಯಾದರೂ ಅದನ್ನೇ ಹೇಳುತ್ತಾನೆ.

ಎರಡು ತಟ್ಟೆ, ಅವನ್ನು ಹಿಡಿಯುವ ಎರಡು ಕ್ಯಾಲಿಪರ್, ಕೊರೆದ ತಗಡು, ಹೊಸ ರಬ್ಬರ್ ಪೈಪು, ಬ್ರೇಕ್ ಎಣ್ಣೆ, ಎಲ್ಲವನ್ನೂ ಗೋಣಿಯಲ್ಲಿ ಹೊಲಿದಿದ್ದೇನೆ. ವಂಡ್ಸೆಯ ರಾಜೀವ ಶೆಟ್ಟರು ಊರಿಗೆ ಹೊರಟಿದ್ದಾರೆ, ಇಲ್ಲಿ ನಮ್ಮ ಗ್ಯಾರೇಜಿನ ಎದುರಿನ ಹೋಟೆಲು ಅವರದು. ತರುತ್ತೇನೆಂದು ಒಪ್ಪಿದರು, ಆಮೇಲೆ ಎತ್ತಿ ನೋಡಿದರು. ಮೀನು ಸಿಗುವ ಕಾಲದಲ್ಲಿ ಅವರ ಮನೆಗೆ ಒಳ್ಳೆಯ ಅಂಜಲ್ ಕಳಿಸಬೇಕು.

ಜೋಡಿಸುವ ಕ್ರಮವನ್ನು ಬೇರೆ ಹಾಳೆಯಲ್ಲಿ ಚಿತ್ರ ಸಮೇತ ಬರೆದಿದ್ದೇನೆ. ಒಂದು ಮಾತು ಮಾವನಿಗೆ ಹೇಳು. ಪೆಡಲ್ ಹಿಂದಿಗಿಂತ ಗಟ್ಟಿ ಇರುತ್ತದೆ, ಕಾಲಿನ ಬಲ ಹೆಚ್ಚು ಬೇಕು. ಅದು ದೋಷವಲ್ಲ.

ಚಂದ್ರ

*

ಬೈಂದೂರು
27-8-1969

ಸೀತುವಿನ ಅಪ್ಪನಿಗೆ,

ರಾಜೀವ ಶೆಟ್ಟರು ಗೋಣಿ ಇಳಿಸಿ ಸೊಂಟಕ್ಕೆ ಕೈ ಕೊಟ್ಟು, "ಚಂದ್ರ ಇದ್ರೊಳ್ಗೆ ಬೊಂಬಾಯಿ ಬಂದರನ್ನೇ ಕಟ್ಟಿ ಕಳ್ಸಿನಾ ಎಂತ?" ಎಂದರು. ಒಂದಲ್ಲ, ಎರಡು ಅಂಜಲ್ ಕಳಿಸಬೇಕು.

ಜೋಡಿಸಿ ಆಯಿತು. ಒಂದು ತೂತು ಮಾತ್ರ ಸ್ವಲ್ಪ ಬಿಗಿ ಇತ್ತು, ಮುತ್ತ ಅರ ಹಾಕಿ ಸರಿಮಾಡಿದ. ಪೈಪಿನಿಂದ ಗಾಳಿ ತೆಗೆಯುವಾಗ ಪೆಡಲ್ ತುಳಿದವಳು ನಾನು. ಅವನು ಕೆಳಗಿಂದ "ತುಳೀನಿ" ಎಂದಾಗ ತುಳಿಯಬೇಕು, "ಬಿಡಿನಿ" ಎಂದಾಗ ಬಿಡಬೇಕು. ಎಣ್ಣೆಯಲ್ಲಿ ಗುಳ್ಳೆ ನಿಲ್ಲುವ ತನಕ ಹೀಗೇ. ಕೊನೆಕೊನೆಗೆ ಸೀತು ಬಾಗಿಲಲ್ಲಿ ಕೂತು, ಅವನಿಗಿಂತ ಮೊದಲೇ "ಬಿಡಿ" ಎಂದು ಕೂಗತೊಡಗಿದಳು. ಅದು ಅವಳ ಮೊದಲ ಸರಿಯಾದ ಮಾತು. ಅಪ್ಪ, ಅಮ್ಮ ಆಮೇಲೆ ಬರಬಹುದು.

ಅಪ್ಪ ಚಕ್ರದ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಆ ತಟ್ಟೆಯನ್ನು ಬಹಳ ಹೊತ್ತು ನೋಡಿದರು. "ಬತ್ತಲೆ ಇತ್ತಲೆ ಇದ್" ಎಂದು ಮಾತ್ರ ಹೇಳಿದರು.

ಪದ್ದು

*

ಬೈಂದೂರು
22-9-1969

ಸೀತುವಿನ ಅಪ್ಪನಿಗೆ,

ಇವತ್ತು ಕಡವು ದಾಟಿದೆವು. ಬೇಕೆಂದೇ ಇಳಿತದ ಹೊತ್ತಿಗೆ ಹೋದೆವು. ಮಂಜಯ್ಯ ಶೆಟ್ಟರು ಜಂಗಲಿನಿಂದ ಎಲ್ಲರನ್ನೂ ಇಳಿಸಿ, ತಾವೂ ಇಳಿದು, ಮೊಣಕಾಲು ನೀರಿನಲ್ಲಿ ದೂರ ನಿಂತರು. ಅಪ್ಪ ನೀರಿನಲ್ಲಿ ಗಾಡಿ ತಂದರು, ಹಲಗೆ ಹತ್ತಿಸಿದರು, ತುಳಿದರು.

ನಿಂತಿತು. ನೆಟ್ಟ ಗೂಟದ ಹಾಗೆ ನಿಂತಿತು. ಹಿಂದೆ ಬುಟ್ಟಿಗಳ ಜೊತೆ ಕೂತ ನಾನು ಕ್ಯಾಬಿನ್ನಿಗೆ ಹಣೆ ಬಡಿದುಕೊಂಡೆ. ಇಷ್ಟು ಸಂತೋಷದಲ್ಲಿ ಹಣೆ ಬಡಿದುಕೊಂಡದ್ದು ಇದೇ ಮೊದಲು.

"ಅಡ್ಡಿಲ್ಲ" ಎಂದರು ಶೆಟ್ಟರು. ಅಪ್ಪ ಆಚೆ ದಡದಲ್ಲಿ ಕಾರಣವಿಲ್ಲದೆ ಇನ್ನೊಮ್ಮೆ ಬ್ರೇಕ್ ಹಾಕಿ ನೋಡಿದರು.

ಇಷ್ಟು ಬರೆದು ಮುಗಿಸುವ ಎಂದಿದ್ದೆ. ಆದರೆ ಕುಂದಾಪುರ ತಲುಪುವಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮುತ್ತ ನೀರು ಚಿಮುಕಿಸಿದಾಗ ಚೊಯ್ ಎಂದಿತು. ಎರಡೂ ಚಕ್ರ ಹಾಗೇ. ಇದು ಯಾಕೆ?

ಪದ್ದು

*

ಬೊಂಬಾಯಿ
1-10-1969

ಪದ್ದುವಿಗೆ,

ತಪ್ಪು ನನ್ನದು. ಡ್ರಮ್ ಬ್ರೇಕಿಗೆ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಪೈಪು ಹೊರಡುವ ಕಡೆ ಒಂದು ಸಣ್ಣ ರಬ್ಬರ್ ಬಿಲ್ಲೆ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಅದು ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದು ಬೇಕು, ಡಿಸ್ಕಿಗೆ ಬೇಡ. ಅದು ಇದ್ದರೆ ಪ್ಯಾಡ್ ತಟ್ಟೆಯನ್ನು ಬಿಡುವುದೇ ಇಲ್ಲ. ಅದನ್ನು ಬರೆಯಲು ನಾನು ಮರೆತೆ.

ಮುತ್ತನಿಂದ ಆ ಬಿಲ್ಲೆಯನ್ನು ತೆಗೆಸಿ, ಅದೇ ಕೆಲಸ ಮಾಡುವ, ಇದರ ಜೊತೆ ಕಳಿಸಿದ ಸಣ್ಣ ವಾಲ್ವನ್ನು ಇನ್ನೂ ಡ್ರಮ್ ಇರುವ ಹಿಂದಿನ ಚಕ್ರದ ಪೈಪಿಗೆ ಮಾತ್ರ ಹಾಕಿಸು. ಸರಿಯಾಗುತ್ತದೆ.

ಹಣೆಗೆ ಏನಾದರೂ ಹಚ್ಚಿದೆಯಾ?

ಚಂದ್ರ

*

ಬೈಂದೂರು
14-10-1969

ಸೀತುವಿನ ಅಪ್ಪನಿಗೆ,

ಬಿಲ್ಲೆ ತೆಗೆಸಿದೆವು. ವಾಲ್ವ್ ಹಾಕಿಸಿದೆವು. ಕಾವು ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಚಪ್ಪರದಲ್ಲಿ ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿದರೆ ಚಕ್ರ ಹಗುರಾಗಿ ತಿರುಗುತ್ತದೆ. ರಸ್ತೆಗೆ ಹೋದರೆ ಬಿಸಿ. ಮೊನ್ನೆ ವಾಪಸು ಬರುವಾಗ ಕಡವಿನಲ್ಲೇ ಹೊಗೆ ಎದ್ದಿತು, ಮಂಜಯ್ಯ ಶೆಟ್ಟರೂ ನೋಡಿದರು. "ಆಗ್ಳ್ ನೀರಿಗ್ ಬೀಳುದಿತ್ತ್, ಈಗ್ಳ್ ಬೆಂಕಿ ಹಿಡ್ಸುದಾ?" ಎಂದರು. ದೀಪಾವಳಿಯ ತನಕ ನೋಡುತ್ತಾರಂತೆ.

ಹಳೆ ಡ್ರಮ್ಮನ್ನೇ ಹಾಕುವ ಎಂದ ಮುತ್ತ. ಅಪ್ಪ ಬೇಡ ಎನ್ನಲಿಲ್ಲ.

ಪದ್ದು

*

ಬೊಂಬಾಯಿ
21-10-1969

ಪದ್ದುವಿಗೆ,

ನಿನ್ನ ಕಾಗದವನ್ನು ಗ್ಯಾರೇಜಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಯಾರಿಗೂ ಹೊಳೆಯಲಿಲ್ಲ. ನಿಂತಾಗ ತಣ್ಣಗೆ, ಓಡುವಾಗ ಬಿಸಿ ಎಂದರೆ ಓಡುವಾಗ ಏನೋ ಒತ್ತುತ್ತಿದೆ. ಏನು ಎಂದು ಚಕ್ರ ಮುಟ್ಟದೆ ಹೇಳಲಾರೆ. ರಜೆ ಬೇಸಿಗೆಯ ಮೊದಲು ಇಲ್ಲ.

ಡ್ರಮ್ ಹಾಕಿದರೆ ಶೆಟ್ಟರು ಜಂಗಲ್ ಹತ್ತಿಸುವುದಿಲ್ಲ. ಹಾಗಾದರೆ ಗಾಡಿ ಇಟ್ಟು ಏನು ಮಾಡುವುದು? ಚೆಂಬೂರಿನಲ್ಲಿ ಒಂದು ಖೋಲಿ ನೋಡಿದ್ದೇನೆ. ಕಿಟಕಿ ಇದೆ. ನೀನೂ ಸೀತುವೂ ಮಾವನೂ ಬರುವುದಾದರೆ ತಿಂಗಳ ಕೊನೆಯೊಳಗೆ ಖೋಲಿಯವರಿಗೆ ಹೇಳಬೇಕು. ಒತ್ತಾಯವಿಲ್ಲ. ನೀನು ಹೇಳಿದ ಹಾಗೆ.

ಚಂದ್ರ

*

ಬೈಂದೂರು
27-10-1969

ಸೀತುವಿನ ಅಪ್ಪನಿಗೆ,

ನಿಮ್ಮ ಕಾಗದವನ್ನು ಎರಡೆರಡು ಸಲ ಓದಿದೆ. "ಓಡುವಾಗ ಏನೋ ಒತ್ತುತ್ತಿದೆ" ಎಂಬ ಒಂದು ಸಾಲು ಮಾತ್ರ ತಲೆಯಲ್ಲಿ ಉಳಿಯಿತು. ಮರುದಿನ ಬ್ರಹ್ಮಾವರಕ್ಕೆ ಮೀನು ಹೊರಟಾಗ ಹಿಂದೆ ಹತ್ತದೆ ಮುಂದಿನ ಸೀಟಿನಲ್ಲಿ ಕೂತೆ. ನೀವು ಹೋದ ಮೇಲೆ ನಿಮ್ಮ ಆ ಜಾಗದಲ್ಲಿ ನಾನು ಕೂತದ್ದಿಲ್ಲ. ಅಪ್ಪ ಒಮ್ಮೆ ನೋಡಿ ಗಾಡಿ ಹೊರಡಿಸಿದರು.

ಕಡವು ದಾಟಿ ರಸ್ತೆಗೆ ಬಂದೆವು. ನಾನು ಚಕ್ರದ ಸದ್ದಿಗೆ ಕಿವಿ ಕೊಟ್ಟು ತಲೆ ಬಗ್ಗಿಸಿದ್ದೆ. ಆಗ ಕಂಡಿತು. ಅಪ್ಪನ ಬಲಗಾಲು ಎಕ್ಸಿಲೇಟರಿನ ಮೇಲೆ. ಎಡಗಾಲು ಬ್ರೇಕ್ ಪೆಡಲಿನ ಮೇಲೆ. ತುಳಿಯುತ್ತಿರಲಿಲ್ಲ, ಸುಮ್ಮನೆ ಇಟ್ಟಿದ್ದರು, ಬೆಕ್ಕು ಕಾಲಿಟ್ಟ ಹಾಗೆ. ಗೇರ್ ಬದಲಿಸುವಾಗ ಕಾಲು ಕ್ಲಚ್ಚಿಗೆ ಹೋಗುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ.

ಅದು ಬ್ರೇಕ್ ಒಣಗಿಸುವ ಕ್ರಮ. ಕಡವು ದಾಟುವ ಡ್ರೈವರುಗಳೆಲ್ಲ ಮಾಡುತ್ತಾರೆ. ನೀರಿನಿಂದ ಎದ್ದ ಮೇಲೆ ಸ್ವಲ್ಪ ದೂರ ಬ್ರೇಕ್ ಮುಟ್ಟಿಕೊಂಡೇ ಹೋದರೆ ಒಳಗಿನ ನೀರು ಆರುತ್ತದೆ. ಉಳಿದವರು ಸ್ವಲ್ಪ ದೂರದಲ್ಲಿ ಕಾಲು ತೆಗೆಯುತ್ತಾರೆ. ಅಪ್ಪನ ಕಾಲು ವರ್ಷಗಟ್ಟಲೆ ಅಲ್ಲೇ ಮನೆ ಮಾಡಿದೆ.

ಹೆಮ್ಮಾಡಿ ದಾಟುವ ತನಕ ಆ ಕಾಲನ್ನೇ ನೋಡಿದೆ. ಆಮೇಲೆ ಕೇಳಿದೆ, "ಅಪ್ಪ, ಎಡಗಾಲ್ ಎಲ್ಲಿತ್ತ್?"

"ಎಲ್ಲಿರತ್ತ್? ಕಾಲಿನ ಜಾಗದಗೆ."

"ಒಂದ್ಸಲ ಕಾಣಿ."

ಬಗ್ಗಿ ಕಂಡರು. ಗಾಡಿ ಬದಿಗೆ ನಿಲ್ಲಿಸಿದರು. ಎರಡೂ ಕಾಲು ಎತ್ತಿ ಸೀಟಿನ ಮೇಲೆ ಮಡಚಿ ಕೂತರು, ಜಗಲಿಯಲ್ಲಿ ಕೂತ ಹಾಗೆ. ಹಿಂದೆ ಮಂಜುಗಡ್ಡೆ ಕರಗಿ ನೀರು ತೊಟ್ಟಿಕ್ಕುತ್ತಿತ್ತು.

"ಒಣಗ್ಸುದಲ್ದಾ" ಎಂದರು.

"ಇದಕ್ಕ್ ಒಣಗ್ಸುಕ್ ಇಲ್ಲೆ ಅಪ್ಪ. ಇದ್ ಬತ್ತಲೆ."

ಅಲ್ಲಿಂದ ಬ್ರಹ್ಮಾವರದ ತನಕ ನಾನು ಅವರ ಕಾಲು ಕಾದೆ. ಬ್ರೇಕಿನತ್ತ ಹೋದಾಗೆಲ್ಲ "ಅಪ್ಪ" ಎನ್ನುವುದು, ಅವರು ಹಿಂದೆಳೆದುಕೊಳ್ಳುವುದು. ಬ್ರಹ್ಮಾವರದಲ್ಲಿ ಇಳಿದು ಚಕ್ರದ ತಟ್ಟೆಯ ಹತ್ತಿರ ಕೈ ಹಿಡಿದೆ. ಬೆಚ್ಚಗಿತ್ತು, ಅಷ್ಟೆ. ಸುಡಲಿಲ್ಲ.

ಚೆಂಬೂರಿನ ಖೋಲಿಯವರಿಗೆ ಈಗಲೇ ಏನೂ ಹೇಳಬೇಡಿ. ಡ್ರಮ್ ಇದ್ದಾಗ ಇದೇ ಕಾಲು ಇಟ್ಟರೂ ಚಕ್ರ ಯಾಕೆ ಬಿಸಿಯಾಗುತ್ತಿರಲಿಲ್ಲ ಎಂದು ಮಾತ್ರ ಬರೆಯಿರಿ. ಅಪ್ಪ ಕೇಳುತ್ತಿದ್ದಾರೆ.

ಪದ್ದು

*

ಬೊಂಬಾಯಿ
3-11-1969

ಪದ್ದುವಿಗೆ,

ಮಾವನಿಗೆ ಹೀಗೆ ಹೇಳು. ಡ್ರಮ್ಮಿನಲ್ಲಿ ಶೂಗೂ ಡ್ರಮ್ಮಿಗೂ ನಡುವೆ ಸಡಿಲು ಇರುತ್ತದೆ, ಎಳೆದು ಹಿಡಿಯುವ ಸ್ಪ್ರಿಂಗೂ ಇರುತ್ತದೆ. ಒತ್ತಿದರೆ ಒಣಗುತ್ತಿತ್ತು, ಸುಮ್ಮನೆ ಇಟ್ಟ ಕಾಲಿನ ಭಾರ ಆ ಸಡಿಲಿನಲ್ಲೇ ಮುಗಿದುಹೋಗುತ್ತಿತ್ತು. ಡಿಸ್ಕಿನಲ್ಲಿ ಸಡಿಲು ಇಲ್ಲ. ಪ್ಯಾಡ್ ಕೂದಲೆಳೆಯಷ್ಟು ದೂರದಲ್ಲೇ ಕಾಯುತ್ತದೆ, ಗಾಡಿ ನಿಲ್ಲಿಸಲು ಬಲ ಬೇಕಾದರೂ, ಕಾಲು ಮುಟ್ಟಿದರೆ ಸಾಕು, ಉಜ್ಜತೊಡಗುತ್ತದೆ. ಅವರ ಕಾಲು ತಪ್ಪು ಮಾಡಿದ್ದಲ್ಲ. ಹಳೆ ಬ್ರೇಕಿಗೆ ಬೇಕಾದದ್ದನ್ನು ಮಾಡಿತು.

ಇಲ್ಲಿ ಇಷ್ಟು ಜನ ಇಂಜಿನ್ ಬಿಚ್ಚುವವರು ತಲೆ ಕೆರೆದುಕೊಂಡೆವು. ಡ್ರೈವರನ ಕಾಲು ನೋಡಬೇಕೆಂದು ಯಾರಿಗೂ ತೋಚಲಿಲ್ಲ. ಫಿಟ್ಟರ್ ನಿನ್ನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾನೆ.

ಚಂದ್ರ

*

ಬೈಂದೂರು
14-11-1969

ಅಳಿಯನಿಗೆ ಗುಡ್ಡ ಹೇಳುವುದು. ಬರೆಯುವುದು ಪದ್ದು.

ನಾ ಹೇಳ್ದಾಂಗೇ ಬರಿಕ್ ಅಂದಿದೆ. ಅವ್ಳ್ ಶಾಲಿ ಕನ್ನಡ ಸೇರ್ಸುಕಾಗ. (ಸೇರಿಸುವುದಿಲ್ಲ. ಪದ್ದು.)

ನಿನ್ ಬ್ರೇಕ್ ಅಡ್ಡಿಲ್ಲ. ದೀಪಾವಳಿ ಕಳಿತ್, ಮಂಜಯ್ಯ ಶೆಟ್ರ್ ಎಂತ ಹೇಳ್ಲಿಲ್ಲ. ಹೇಳ್ಲಿಲ್ಲ ಅಂದ್ರೆ ಹತ್ಸುದೇ. ಬ್ರೇಕಿಗ್ ಎಂತ ಆಯ್ಲಿಲ್ಲ. ಆದ್ದ್ ನನ್ ಕಾಲಿಗ್. ಪದ್ದು ಬದಿಯಗೆ ಕೂಕಂಡ್ರೆ ಅದ್ ಹಿಂದೇ ಇರತ್ತ್. ಅವ್ಳ್ ಇಲ್ದಿದ್ ದಿನ ತನ್ನಟ್ಟಿಗೇ ಬ್ರೇಕಿನ್ ಮೇಲೆ ಹೋಯಿ ಕೂಕಂತ್ತ್. ಕಾಲಿಗ್ ಬುದ್ಧಿ ಹೇಳ್ವ ಅಂದ್ರೆ ಅದಕ್ಕ್ ಕೇಂಬುಕ್ ಕೆಮಿ ಇಲ್ಲೆ.

ಹಗ್ಗ ಹಾಕಿ ಸೀಟಿಗ್ ಕಟ್ತೆ ಅಂದ್ಳ್ ಇವ್ಳ್. ಮತ್ ಕ್ಲಚ್ ಒತ್ತುಕ್ ನಿನ್ ಗಂಡ ಬಪ್ಪುದಾ ಅಂದೆ. (ಅಂದದ್ದು ನಿಜ. ಅಂದ ಮೇಲೆ ಬಹಳ ಹೊತ್ತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೂತರು, ಬಾಯಿಗೆ ಹಾಕಲಿಲ್ಲ.)

ಅದೇ ಮಾತ್ ಈಗ್ಳ್ ಕೇಣ್ತೆ. ನೀ ಬಪ್ಪುದಾ? ಗಾಡಿಗ್ ಸ್ಟೇರಿಂಗ್ ಒಂದೇ ಅಂದಿದ್ದೆ. ಈಗ್ಳೂ ಒಂದೇ. ಅದ್ ನೀ ಹಿಡ್ಕೋ. ನಾ ಬದಿಯಗೆ ಕೂಕಂತೆ. ಮೀನ್ ಕಾಂಬುಕ್, ದಾರಿಯಗೆ ಯಾರಿಗ್ ಎಷ್ಟ್ ಬುಟ್ಟಿ ಇಳ್ಸ್ಕ್ ಅಂದ್ ಹೇಳುಕ್ ನಾನೇ ಆಯ್ಕಲ್ದಾ. ಕುಂದಾಪ್ರದಗೆ ಮುತ್ತ ಒಬ್ನೇ ಇಪ್ಪುದ್, ಅವ್ನಿಗೂ ಕೈ ಜನ ಬೇಕಂಬ್ರ್. ಕಡವು ದಾಟು ಗಾಡಿಯವ್ರೆಲ್ಲ ನಿನ್ ತಟ್ಟೆ ಕಾಂಬುಕೆ ಬತ್ತಾ ಇದ್ದ್ರ್.

ಇನ್ನೊಂದ್ ಮಾತ್, ಇದ್ ಪದ್ದಿಗ್ ತಿಳುಕಾಗ. ನೀ ಹೋದ್ಮೇಲೆ, ಮೊನ್ನೆ ನನ್ ಕಾಲ್ ಕಾಂಬು ತನಕ, ಅವ್ಳ್ ಮುಂದಿನ್ ಸೀಟಗೆ ಕೂಕಂಡದ್ದೇ ಇಲ್ಲೆ. ನಂಗೆ ಗೊತ್ತಾಯ್ಲಿಲ್ಲ ಅಂದ್ಕಂಡಿದ್ಳ್. (ಬರೆದಿದ್ದೇನೆ. ಈಗ ಮುಖ ಆಚೆ ತಿರುಗಿಸಿ ಸೀತುವಿನ ಹತ್ತಿರ ಮಾತಾಡುತ್ತಿದ್ದಾರೆ.)

ಇಷ್ಟೇ. ಬಪ್ಪುದಾರೆ ಬರಿ.

ಗುಡ್ಡ
(ಹೆಬ್ಬೆಟ್ಟು ಅವರದೇ. ಗ್ರೀಸಿನ ಗುರುತಿಗೆ ಬೇಸರ ಮಾಡಬೇಡಿ.)

*

ಬೊಂಬಾಯಿ
22-11-1969

ಪದ್ದುವಿಗೆ,

ಇದನ್ನು ಮಾವನಿಗೆ ಓದಿ ಹೇಳು.

ಸೇಠರಿಗೆ ತಿಳಿಸಿದೆ. ತಿಂಗಳು ತುಂಬಿಸಿ ಹೋಗು ಎಂದರು. ಡಿಸೆಂಬರ್ ಮೊದಲ ವಾರ ಹೊರಡುತ್ತೇನೆ. ಚೆಂಬೂರಿನವರಿಗೆ ಬೇಡವೆಂದು ಹೇಳಿ ಬಂದೆ. ಆ ಕಿಟಕಿ ಗೋಡೆಗೆ ಮುಖ ಮಾಡಿತ್ತು, ನಿನಗೆ ಬರೆದಿರಲಿಲ್ಲ. ಈಗಿರುವ ಖೋಲಿಯೂ ಸೋರುತ್ತಿತ್ತು.

ಆ ವಾರ ಇಳಿತ ಯಾವ ಹೊತ್ತಿಗೆ ಎಂದು ಕೇಳಿ ಬರೆ. ಮೊದಲ ಸಲ ಗಾಡಿಯನ್ನು ನೀರಿನಲ್ಲೇ ಇಳಿಸಿ ಹತ್ತಿಸಬೇಕೆಂದಿದೆ, ಮಾವ ಬದಿಯಲ್ಲಿರುವಾಗ.

ಗುಜರಿಯಲ್ಲಿ ಹುಡುಕಿ ಒಂದು ಹಳೆ ಬ್ರೇಕ್ ಪೆಡಲ್ ತಂದಿಟ್ಟಿದ್ದೇನೆ. ಹೊಸ ರಬ್ಬರ್ ಹೊದಿಸಿದೆ, ಒಂದು ಸ್ಪ್ರಿಂಗ್ ಕೂರಿಸಿದೆ. ಅದನ್ನು ಎಡಗಡೆಯ ಸೀಟಿನ ಮುಂದೆ, ಮಾವನ ಕಾಲಿಗೆ ಸಿಗುವ ಹಾಗೆ, ನೆಲಕ್ಕೆ ಬಿಗಿಯುತ್ತೇನೆ. ಯಾವ ಪೈಪಿಗೂ ಸೇರಿಸುವುದಿಲ್ಲ. ಬ್ರಹ್ಮಾವರದ ತನಕ ಬೇಕಾದಷ್ಟು ಒಣಗಿಸಲಿ.

ಚಂದ್ರ